ಎಲ್ಲರ ಹಣೆಯ ಮೇಲೂ ನೀಲಿ ವಿಭೂತಿ

ಕಳೆದ ಕಾರ್ತಿಕ ಮಾಸದ ಎರಡನೆಯ ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಕಡೂರಿನ ಒಂದು ಫೋಟೊ ಸ್ಟುಡಿಯೋದಲ್ಲಿ, ಅದರ ಮಾಲೀಕರು ಒಂದು ಮದುವೆಯ ಆಲ್ಬಮ್ಮನ್ನು ಮೊದಲು ಬಲಗಣ್ಣು ಮುಚ್ಚಿಕೊಂಡು, ಆಮೇಲೆ ಎಡಗಣ್ಣು ಮುಚ್ಚಿಕೊಂಡು, ಒಟ್ಟು ಹತ್ತು ನಿಮಿಷ ನೋಡಿದರು. ನಂತರ ಆಲ್ಬಮ್ ಮುಚ್ಚಿಟ್ಟು, "ಏಳೆಂಟು ವರ್ಷದಿಂದ ಮೂರು ತಾಲ್ಲೂಕಿನ ಜನಾನ ನೀಲಿ ಮಾಡ್ಬಿಟ್ಟಿದೀನಿ ಕಣೋ" ಎಂದರು. ಸ್ಥಳದಲ್ಲಿ ಹಾಜರಿದ್ದವನು ನಾನೊಬ್ಬನೇ. ಮಾಲೀಕರು ನನ್ನ ಸೋದರಮಾವ.

ಮಾವ ತಪ್ಪು ಒಪ್ಪಿಕೊಂಡದ್ದು ನನಗೆ ತಿಳಿದಂತೆ ಅದೇ ಮೊದಲು. ಯಾರನ್ನೂ ನಂಬದ ಮನುಷ್ಯರು ಊರಿಗೆ ಹತ್ತು ಜನ ಸಿಗುತ್ತಾರೆ. ಯಾವ ಅಳತೆಯನ್ನೂ ಇನ್ನೊಂದು ಅಳತೆಯಿಂದ ಅಳೆಯದೆ ನಂಬದ ಮನುಷ್ಯ ಮಾತ್ರ ಇವರೊಬ್ಬರೇ ಇರಬೇಕು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಥರ್ಮಾಮೀಟರು ಮೊದಲು ಹೋಗುವುದು ಮಾವನ ಬಾಯಿಗೆ. ಆಮೇಲೆ ತೊಳೆದು ಅತ್ತೆಯ ಬಾಯಿಗೆ. ಆರೋಗ್ಯವಾಗಿರುವ ಇಬ್ಬರಿಗೂ ಅದು ಸರಿಯಾದ ಲೆಕ್ಕ ತೋರಿಸಿದರೆ ಮಾತ್ರ ಜ್ವರದವರ ಸರದಿ. ಅಷ್ಟರಲ್ಲಿ ಎಷ್ಟೋ ಸಲ ಜ್ವರವೇ ಬಿಟ್ಟು ಹೋಗಿರುತ್ತದೆ! ಒಮ್ಮೆ ಅಂಗಿ ಹೊಲಿಸಲು ಹೋದವರು ಜೇಬಿನಿಂದ ಸ್ಟೀಲಿನ ಸ್ಕೇಲು ತೆಗೆದು ದರ್ಜಿಯ ಟೇಪನ್ನು ಅಳೆಯತೊಡಗಿದರು. ದರ್ಜಿ ಸಮಾಧಾನದ ಮನುಷ್ಯ. "ಅಣ್ಣ, ಇವತ್ತು ಟೇಪಿಗೆ ಅಂಗಿ ಹೊಲೀಬೇಕೋ, ನಿಮ್ಗೋ?" ಎಂದಷ್ಟೇ ಕೇಳಿದ.

ಇಂಥ ಮನುಷ್ಯ ಏಳೆಂಟು ವರ್ಷ ತಪ್ಪು ಮಾಡಿದ್ದು ಹೇಗೆ? ಅದಕ್ಕೆ ಸ್ಟುಡಿಯೋದ ಇಲಿಯ ಕಥೆ ಹೇಳಬೇಕು.

ಇಲಿ ಎಂದರೆ ಪ್ರಾಣಿಯಲ್ಲ, ಕಂಪ್ಯೂಟರಿಗೆ ಕೈಯಾಡಿಸುವ ಮೌಸೂ ಅಲ್ಲ. ಕಂಪ್ಯೂಟರಿನ ಪರದೆಯ ಬಣ್ಣ ಅಳೆಯುವ ಒಂದು ಸಾಧನ. ಅಂಗೈಯಷ್ಟು ದೊಡ್ಡದು, ಹಿಂದೆ ಬಾಲದಂತೆ ಒಂದು ವೈರು. ಅದನ್ನು ಪರದೆಯ ಮೇಲಿಂದ ಇಳಿಬಿಟ್ಟರೆ ಅದರ ಕೆಳಗೆ ಪರದೆ ಕೆಂಪು, ಹಸಿರು, ನೀಲಿ, ಬಿಳಿ ಎಂದು ಒಂದೊಂದೇ ಬಣ್ಣ ತೋರಿಸುತ್ತಾ ಹೋಗುತ್ತದೆ. ಇಲಿ ಪ್ರತಿಯೊಂದನ್ನೂ ಅಳೆದು ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ವರದಿ ಕೊಡುತ್ತದೆ. ಪರದೆಯನ್ನು ಅದಕ್ಕೆ ತಕ್ಕಂತೆ ತಿದ್ದಿದರೆ ಅದರಲ್ಲಿ ಕಾಣುವ ಬಣ್ಣ ಸಾಚಾ ಎಂದು ಅರ್ಥ. ಮಾವ ಈ ಇಲಿಯನ್ನು ಮುಚ್ಚಿಹೋದ ಯಾವುದೋ ಸ್ಟುಡಿಯೋದಿಂದ ತಂದಿದ್ದರು. ಪ್ರತಿ ಸೋಮವಾರ ಪೂಜೆ ಮುಗಿಸಿ ಅದನ್ನು ಪರದೆಗೆ ತೂಗುಹಾಕುತ್ತಿದ್ದರು.

ಇಲಿ ಸರಿಯಾಗಿದೆ ಎಂದು ಅವರಿಗೆ ಹೇಗೆ ಗೊತ್ತು? ಅವರ ಕಣ್ಣು ಹಾಗೆ ಹೇಳುತ್ತಿತ್ತು. ಕಣ್ಣು ಸರಿಯಾಗಿದೆ ಎಂದು ಹೇಗೆ ಗೊತ್ತು? ಇಲಿ ಹಾಗೆ ಹೇಳುತ್ತಿತ್ತು! ಕೋರ್ಟಿನ ಎದುರಿನ ಹೋಟೆಲಿನಲ್ಲಿ ಒಟ್ಟಿಗೆ ಕಾಫಿ ಕುಡಿದು ಬಂದ ಇಬ್ಬರು ಸಾಕ್ಷಿಗಳ ಹೇಳಿಕೆಯಲ್ಲಿ ಎಂದಾದರೂ ವ್ಯತ್ಯಾಸ ಇರುವುದುಂಟೆ?

ಪ್ರಿಂಟುಗಳು ಮಾತ್ರ ಹಳದಿ ತಿರುಗಿದಂತೆ ಅವರಿಗೆ ಕಾಣುತ್ತಿದ್ದವು. ಪ್ರಿಂಟು ಹಾಕುವ ಲ್ಯಾಬಿನವರಿಗೆ ಫೋನಿನಲ್ಲಿ ಬೈಯುತ್ತಿದ್ದರು. ಬೈದು ಸಾಕಾದ ಮೇಲೆ, ಕಳಿಸುವ ಮುಂಚೆ ಪ್ರತಿ ಫೋಟೊಕ್ಕೂ ತಾವೇ ಒಂದು ಚಿಟಿಕೆ ನೀಲಿ ಬೆರೆಸತೊಡಗಿದರು. ಪರಿಣಾಮ ಅವರು ಎಣಿಸದಿದ್ದದ್ದು. ಮಾವನ ಆಲ್ಬಮ್ಮಿನಲ್ಲಿ ಹೆಣ್ಣು ಬೆಳ್ಳಗೆ ಕಾಣುತ್ತಾಳೆ ಎಂಬ ಸುದ್ದಿ ತರೀಕೆರೆ, ಅಜ್ಜಂಪುರದವರೆಗೆ ಹಬ್ಬಿತು. ಮುಹೂರ್ತ ಗೊತ್ತಾಗುವ ಮೊದಲೇ ಜನ ಬಂದು ಮಾವನನ್ನು ಗೊತ್ತುಮಾಡಿಕೊಂಡು ಹೋಗುತ್ತಿದ್ದರು. ಎಲ್ಲರೂ ಅದನ್ನು ಕೈಗುಣ ಎಂದರು. ಅದು ಕಣ್ಣಿನ ಪೊರೆ ಎಂದು ಯಾರಿಗೂ ಹೊಳೆಯಲಿಲ್ಲ.

ಆ ಸೋಮವಾರ ಮಾವ ನೋಡಿದ ಆಲ್ಬಮ್ ಸಿಂಗಟಗೆರೆಯ ಒಬ್ಬ ಅಂಗನವಾಡಿ ಕಾರ್ಯಕರ್ತೆಯದು. ಆಕೆಯ ಮದುವೆಯ ಫೋಟೊ ತೆಗೆದವರು ಮಾವನೇ. ಹೋದ ವರ್ಷ ಆಕೆಯ ತಾಯಿ ತೀರಿಕೊಂಡರು. ಮೊದಲ ವರ್ಷದ ಪುಣ್ಯಸ್ಮರಣೆಗೆ ಒಂದು ದೊಡ್ಡ ಫೋಟೊ ಬೇಕಿತ್ತು. ತಾಯಿಯ ಫೋಟೊ ಅಂತ ಆಕೆಯ ಹತ್ತಿರ ಇದ್ದದ್ದು ಎರಡೇ. ಒಂದು ಆಧಾರ್ ಕಾರ್ಡಿನದು, ಅದರಲ್ಲಿ ಯಾರೂ ತಮ್ಮಂತೆ ಕಾಣುವುದಿಲ್ಲ. ಇನ್ನೊಂದು ಮಗಳ ಮದುವೆಯ ಆಲ್ಬಮ್ಮಿನದು. ಮಾವ ಅದನ್ನೇ ದೊಡ್ಡದು ಮಾಡಿ ಚೌಕಟ್ಟು ಹಾಕಿಸಿ ಕೊಟ್ಟಿದ್ದರು. ಆಕೆ ಎರಡು ದಿನ ಇಟ್ಟುಕೊಂಡು, ಶನಿವಾರ ಆಲ್ಬಮ್ಮಿನ ಸಮೇತ ವಾಪಸು ತಂದಳು. ಜಗಳವಾಡಲಿಲ್ಲ.

"ಫೋಟೊ ಚೆನ್ನಾಗೈತಣ್ಣ. ಆದ್ರೆ ಇದು ನಮ್ಮವ್ವ ಅಲ್ಲ. ನಮ್ಮವ್ವ ಕಪ್ಪಿದ್ಲು" ಎಂದಳು.

ಪುಣ್ಯಸ್ಮರಣೆಗೆ ಆಗ ಇಪ್ಪತ್ತನಾಲ್ಕು ದಿನ ಉಳಿದಿತ್ತು.

ಆ ವಾರವೇ ಮಾವನ ಬಲಗಣ್ಣಿನ ಪೊರೆ ತೆಗೆದಿದ್ದರು. ಪಟ್ಟಿ ಬಿಚ್ಚಿದ ದಿನ ಅವರು ಅತ್ತೆಯನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ನಿನ್ನ ಕೂದ್ಲು ಯಾವಾಗ ಬೆಳ್ಳಗಾಯ್ತೇ?" ಅತ್ತೆ ಎರಡು ದಿನ ಮಾತು ಬಿಟ್ಟರು. ಸೋಮವಾರ ಸ್ಟುಡಿಯೋಕ್ಕೆ ಬಂದು ಸಿಂಗಟಗೆರೆಯ ಆಲ್ಬಮ್ ತೆರೆದರೆ, ಎಡಗಣ್ಣಿಗೆ ಎಲ್ಲವೂ ಸರಿಯಾಗಿತ್ತು. ಬಲಗಣ್ಣಿಗೆ ಮದುಮಗ, ಮದುಮಗಳು, ಬೀಗರು, ಐನೋರು, ಯಾರ ಹಣೆಯಲ್ಲಿ ಮೂರು ಗೆರೆ ಇತ್ತೋ ಅವರೆಲ್ಲರ ವಿಭೂತಿಯೂ ತಿಳಿನೀಲಿ! ನಮ್ಮ ಕಡೆಯ ಮದುವೆಗಳಲ್ಲಿ ವಿಭೂತಿ ಇಲ್ಲದ ಹಣೆ ಹುಡುಕಬೇಕು. ಬಿಳಿಯದು ಬಿಳಿಯಾಗಿ ಬಂದಿದೆಯೇ ನೋಡಲು ಬೇರೆ ಕಡೆಯ ಫೋಟೊಗ್ರಾಫರುಗಳು ರಟ್ಟಿನ ಕಾರ್ಡು ಹಿಡಿದುಕೊಂಡು ತಿರುಗುತ್ತಾರಂತೆ. ಇಲ್ಲಿ ಪ್ರತಿಯೊಬ್ಬರೂ ಅದನ್ನು ಹಣೆಯ ಮೇಲೇ ಇಟ್ಟುಕೊಂಡು ಬಂದಿರುತ್ತಾರೆ. ಏಳೆಂಟು ವರ್ಷ ಎದುರಿಗೇ ಇದ್ದ ಸಾಕ್ಷಿಯನ್ನು ಮಾವ ವಿಚಾರಿಸಿರಲಿಲ್ಲ.

ಬಾಯಲ್ಲಿ ತಪ್ಪು ಒಪ್ಪಿಕೊಂಡರೂ, ಬಲಗಣ್ಣು ಹೇಳಿತು ಎಂದಷ್ಟಕ್ಕೇ ನಂಬಿಬಿಟ್ಟರೆ ಅವರು ಮಾವ ಹೇಗಾದಾರು? ಡಾಕ್ಟರು ಮೊದಲೇ ಎಚ್ಚರಿಸಿದ್ದರಂತೆ: ಪೊರೆ ತೆಗೆದ ಹೊಸತರಲ್ಲಿ ಎಲ್ಲವೂ ಕೊಂಚ ನೀಲಿಯಾಗಿ ಕಾಣುತ್ತದೆ. ಅಂದರೆ ಎಡಗಣ್ಣು ಹಳದಿ ಕಡೆಗೆ, ಬಲಗಣ್ಣು ನೀಲಿ ಕಡೆಗೆ, ಇಲಿ ಎಡಗಣ್ಣಿನ ಕಡೆಗೆ. ಯಾರದು ನಿಜ?

"ಇಲಿ ಪರೀಕ್ಷೆ ಆಗ್ಲೇಬೇಕು. ಆಗೋವರ್ಗೂ ಆ ಹೆಣ್ಮಗಳ ಫೋಟೊ ಮುಟ್ಟಲ್ಲ" ಎಂದರು ಮಾವ.

ನಮ್ಮ ಇಲಿಯನ್ನು ಬೇರೆಯವರ ಇಲಿಗಳ ಜೊತೆ ಹೋಲಿಸಬೇಕಾದರೆ ಪರದೆ ಒಂದೇ ಇರಬೇಕು ಎಂಬುದು ಅವರ ವಾದ. ವಾದ ಸರಿಯೇ. ಅದರ ಭಾರ ಮಾತ್ರ ನನ್ನ ತೊಡೆಯ ಮೇಲೆ ಬಿತ್ತು. ಬುಧವಾರ ಬೆಳಗ್ಗೆ ಪರದೆಯನ್ನು ಹತ್ತಿಯ ದುಪ್ಪಟಿಯಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ತರೀಕೆರೆಯ ಬಸ್ಸು ಹತ್ತಿದೆವು. ಕಂಡಕ್ಟರು ಟಿ.ವಿ. ರಿಪೇರಿಗೋ ಎಂದು ವಿಚಾರಿಸಿದ. ರಿಪೇರಿಗಲ್ಲ, ವಿಚಾರಣೆಗೆ ಎಂದರು ಮಾವ. ಆತ ಲಗೇಜಿನ ಟಿಕೆಟ್ಟು ಹರಿದು ಕೊಟ್ಟು, ಬೀರೂರು ದಾಟುವವರೆಗೂ ನಮ್ಮನ್ನು ತಿರುಗಿ ತಿರುಗಿ ನೋಡಿದ.

ತರೀಕೆರೆಯಲ್ಲಿ ಮಾವನ ಗೆಳೆಯರೊಬ್ಬರು ಲಗ್ನಪತ್ರಿಕೆ ವಿನ್ಯಾಸ ಮಾಡುತ್ತಾರೆ. ಅವರದೂ ಒಂದು ಇಲಿ. ದಿನಾ ಬಳಸುವುದು, ಬಳಸಿದ ಮೇಲೆ ಕಿಟಕಿಯ ಮೊಳೆಗೆ ನೇತುಹಾಕುವುದು. ಅದು ದಿನವಿಡೀ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ನಮ್ಮ ಪರದೆಗೆ ಅದನ್ನು ಹಚ್ಚಿದೆವು. ನಮ್ಮ ಇಲಿಗೂ ಅದಕ್ಕೂ ಹೊಂದಲಿಲ್ಲ. ನಿಮ್ಮದು ಕೆಟ್ಟಿದೆ ಎಂದು ಗೆಳೆಯರೂ, ನಿಮ್ಮದು ಬಿಸಿಲಿಗೆ ಬೆಂದಿದೆ ಎಂದು ಮಾವನೂ ಮಂಡಕ್ಕಿ ತಿನ್ನುತ್ತಾ ಒಂದು ಗಂಟೆ ವಾದಿಸಿದರು. ಮೂರನೆಯ ಅಭಿಪ್ರಾಯಕ್ಕೆ ಅಜ್ಜಂಪುರದ ಬಸ್ಸು ಹಿಡಿದೆವು.

ಅಜ್ಜಂಪುರದ ಫ್ಲೆಕ್ಸ್ ಅಂಗಡಿಯವರು ಇಲಿ ಇದೆ ಎಂದು ಫೋನಿನಲ್ಲಿ ಹೇಳಿದ್ದರು. ಎಲ್ಲಿದೆ ಎಂದು ಹೇಳಿರಲಿಲ್ಲ. ಅದು ಕಪಾಟಿನೊಳಗೆ, ದೇವರ ಪಟದ ಪಕ್ಕ, ಡಬ್ಬಿಯಲ್ಲಿ, ಸೀಲು ಒಡೆಯದೆ ಕುಳಿತಿತ್ತು. ಮಷೀನಿನ ಜೊತೆಗೆ ಬಂದದ್ದಂತೆ. ಏನೋ ದುಬಾರಿ ಸಾಮಾನು ಎಂಬುದಷ್ಟೇ ಅವರಿಗೆ ಗೊತ್ತು. ಪ್ರತಿ ಆಯುಧಪೂಜೆಗೂ ಡಬ್ಬಿಗೆ ಕುಂಕುಮ ಹಚ್ಚಿ, ಹೂವಿಟ್ಟು, ಮತ್ತೆ ಕಪಾಟಿಗೆ ಸೇರಿಸುತ್ತಿದ್ದರು. ಕುಂಕುಮದ ಪದರ ಎಷ್ಟು ದಪ್ಪವಿತ್ತೆಂದರೆ ಡಬ್ಬಿಯ ಮೇಲಿನ ಹೆಸರೇ ಓದಲು ಬರುತ್ತಿರಲಿಲ್ಲ!

"ಪೂಜೆ ಮಾಡಿದ್ದನ್ನ ಬಿಚ್ಚಾದೆಂಗಣ್ಣ?" ಎಂದು ಅವರು ಅನುಮಾನಿಸಿದರು.

"ಲಾರಿಗೂ ಪೂಜೆ ಮಾಡ್ತೀರಲ್ಲ, ಓಡ್ಸಲ್ವಾ?" ಎಂದರು ಮಾವ.

ಅಂಗಡಿಯವರು ಊದುಬತ್ತಿ ಹಚ್ಚಿ, ಕೈಮುಗಿದು, ಸೀಲು ಒಡೆದರು. ಒಳಗೆ ತೇವ ಹೀರುವ ಪುಟ್ಟ ಪೊಟ್ಟಣದ ಜೊತೆ ಇಲಿ ಹುಟ್ಟಿದಂತೆಯೇ ಇತ್ತು. ಬೆಳಕು ಕಂಡಿಲ್ಲ, ಧೂಳು ಕಂಡಿಲ್ಲ. ಅದನ್ನು ನಮ್ಮ ಪರದೆಗೆ ಹಚ್ಚಿದಾಗ ಮೂರನೆಯ ಬಿಳುಪು ಬಂತು, ಮೊದಲಿನ ಎರಡಕ್ಕಿಂತ ಬೆಚ್ಚಗಿನದು. ಮೂರು ಊರು, ಮೂರು ಇಲಿ, ಮೂರು ಬಿಳುಪು. ಮಾವ ಮೂರನ್ನೂ ಪರದೆಯ ಗುಂಡಿ ಒತ್ತಿ ಉಳಿಸಿಕೊಂಡರು. ಸಂಜೆಗೆ ಕಡೂರು ಸೇರಿದಾಗ ನನ್ನ ತೊಡೆಗಳು ಮಾತ್ರ ಯಾವುದೇ ಭಿನ್ನಾಭಿಪ್ರಾಯವಿಲ್ಲದೆ ನೋಯುತ್ತಿದ್ದವು.

ಹೊಸದೆಂಬ ಕಾರಣಕ್ಕೆ ಮೂರನೆಯದನ್ನು ಒಪ್ಪಿಬಿಡೋಣವೆಂದು ನಾನು ಸೂಚಿಸಿದೆ. ಮಾವ ನನ್ನನ್ನು ಬಲಗಣ್ಣಿನಿಂದ ನೋಡಿದರು. ಮರುದಿನ ಮಠದಿಂದ ತಂದ ವಿಭೂತಿ ಗಟ್ಟಿ ಹೊರಗೆ ಬಂತು. ಪೂಜೆಗೆಂದು ಅತ್ತೆ ಎತ್ತಿಟ್ಟದ್ದು. ಉತ್ತರದ ಬಾಗಿಲಲ್ಲಿ, ನೇರ ಬಿಸಿಲು ಬೀಳದ ಕಡೆ ಪರದೆ ಇಟ್ಟು, ಪಕ್ಕದಲ್ಲಿ ಗಟ್ಟಿ ಇಟ್ಟು, ಮೂರು ಬಿಳುಪನ್ನೂ ಒಂದಾದ ಮೇಲೊಂದು ತೋರಿಸಿ ರಸ್ತೆಯಲ್ಲಿ ಹೋಗುವವರನ್ನು ಕರೆದು ಕೇಳುವುದು. ಈಬೂತಿಗೆ ಯಾವುದು ಹೊಂದುತ್ತೆ? ಪ್ರಶ್ನೆ ಅಷ್ಟೇ. ಪ್ರಶ್ನೆಗೆ ಮುಂಚೆ ಸಾಕ್ಷಿಯ ವಯಸ್ಸೆಷ್ಟು, ಪೊರೆ ಬಂದಿದೆಯೆ, ಬಣ್ಣದ ಕನ್ನಡಕ ಉಂಟೆ ಎಂಬ ತನಿಖೆ. ಕಾಲೇಜಿನ ಇಬ್ಬರು ಹುಡುಗಿಯರು, ಔಷಧಿ ಅಂಗಡಿಯವರು, ಪೋಸ್ಟಿನಾಕೆ, ಹೂ ಮಾರುವಾಕೆ ಹೀಗೆ ಹನ್ನೆರಡು ಸಾಕ್ಷಿ ಆದವು. ಹನ್ನೊಂದು ಮಂದಿ ಅಜ್ಜಂಪುರದ ಬಿಳುಪನ್ನೇ ತೋರಿಸಿದರು. ಹನ್ನೆರಡನೆಯ ಸಾಕ್ಷಿ ಮಾವನ ಎಡಗಣ್ಣು. ಅದೊಂದು ಮಾತ್ರ ಕಡೂರಿನ ಹಳೆಯ ಇಲಿಯ ಪರವಾಗಿ ಕೊನೆಯವರೆಗೂ ನಿಂತಿತು!

ವಿಷಯ ಇತ್ಯರ್ಥವಾಯಿತು. ಹಳೆಯ ಇಲಿಯ ಹೊಟ್ಟೆಯೊಳಗಿನ ಬಣ್ಣದ ಗಾಜು ಮಾಸಿ ನೀಲಿಯನ್ನು ಕಡಿಮೆ ಅಳೆಯುತ್ತಿತ್ತು, ಆದ್ದರಿಂದ ಪರದೆಗೆ ನೀಲಿ ಹೆಚ್ಚು ಬೇಡುತ್ತಿತ್ತು. ಮಾವನ ಪೊರೆ ಅದೇ ನೀಲಿಯನ್ನು ತಡೆದು, ಎಲ್ಲ ಸರಿಯಾಗಿದೆ ಎನ್ನುತ್ತಿತ್ತು. ಇಬ್ಬರಿಗೂ ಒಟ್ಟೊಟ್ಟಿಗೆ ವಯಸ್ಸಾಗಿತ್ತು.

ಸತ್ಯ ತಿಳಿದ ವಾರವೇ ಅದರ ಫಲವೂ ಸಿಕ್ಕಿತು. ತರೀಕೆರೆಯ ಒಂದು ಮದುವೆಯ ಆಲ್ಬಮ್ಮನ್ನು ಮಾವ ಹೊಸ ಅಳತೆಯಲ್ಲಿ ತಿದ್ದಿ ತೋರಿಸಿದರು. ಹುಡುಗಿಯ ಕಡೆಯವರು ಪುಟ ತಿರುಗಿಸಿ, ಮುಖ ಮುಖ ನೋಡಿಕೊಂಡು, ಹುಡುಗಿಯನ್ನು ಕಪ್ಪು ಮಾಡಿದ್ದೀರಿ, ಮೊದಲಿನ ಥರವೇ ಮಾಡಿಕೊಡಿ ಎಂದರು. ಮಾವ ವಿಭೂತಿ ಗಟ್ಟಿ ತೋರಿಸಿ ಅರ್ಧ ಗಂಟೆ ವಿವರಿಸಿದರು. ಅವರು ಗಟ್ಟಿಗೆ ಕೈಮುಗಿದು, ಕೆಲಸ ಬೇರೆ ಸ್ಟುಡಿಯೋಕ್ಕೆ ಕೊಟ್ಟರು. ಮುಂದಿನ ತಿಂಗಳ ಮತ್ತೊಂದು ಮದುವೆಯೂ ಹಾಗೆಯೇ ಹೋಯಿತು.

"ಹಳೇ ಕಣ್ಣೇ ಚೆನ್ನಾಗಿತ್ತು. ಎಲ್ರೂ ಬೆಳ್ಳಗಿದ್ರು, ನನ್ನ ಕೂದ್ಲು ಕಪ್ಪಗಿತ್ತು" ಎಂದರು ಅತ್ತೆ.

ಎಡಗಣ್ಣಿನ ಪೊರೆ ತೆಗೆಸಲು ಡಾಕ್ಟರು ಕೊಟ್ಟ ದಿನವನ್ನು ಮಾವ ಮುಂದೂಡಿದರು. ಫೋಟೊ ಮುಗಿಯುವವರೆಗೆ ಆರೋಪಿ ಸ್ಥಳದಲ್ಲೇ ಇರಬೇಕಂತೆ. ಸಿಂಗಟಗೆರೆಯ ತಾಯಿಯ ಫೋಟೊವನ್ನು ಮತ್ತೆ ಮೊದಲಿನಿಂದ ತಿದ್ದಿದರು. ಹಣೆಯ ವಿಭೂತಿ ಬಾಗಿಲ ಬಳಿಯ ಗಟ್ಟಿಗೆ ಹೊಂದುವವರೆಗೂ ಬಿಡಲಿಲ್ಲ. ನಾಲ್ಕು ಸಲ ಪ್ರಿಂಟು ಹಾಕಿಸಿದರು, ಮೂರನ್ನು ಹರಿದರು. ಪುಣ್ಯಸ್ಮರಣೆಗೆ ಐದು ದಿನ ಇರುವಾಗ ಆಕೆಗೆ ಫೋನು ಹೋಯಿತು.

ಆಕೆ ಮಧ್ಯಾಹ್ನದ ಬಸ್ಸಿಗೆ ಬಂದಳು. ಮಾವ ಫೋಟೊವನ್ನು ಉತ್ತರದ ಬಾಗಿಲ ಬಳಿ ಇಟ್ಟು ಪಕ್ಕಕ್ಕೆ ಸರಿದರು. ಇಲಿ, ಗಾಜು, ಹನ್ನೆರಡು ಸಾಕ್ಷಿ ಯಾವುದನ್ನೂ ಹೇಳಲಿಲ್ಲ.

ಆಕೆ ಹತ್ತಿರ ಹೋಗಿ ಬಗ್ಗಿ ನೋಡಿದಳು. "ಅವ್ವ ಹೊಲದಿಂದ ಈಗ ಬಂದಂಗೈತೆ" ಎಂದಳು. ಆಮೇಲೆ ಬಳೆಗಳನ್ನು ಮೇಲಕ್ಕೆ ಸರಿಸಿ, ತನ್ನ ಮುಂಗೈಯನ್ನು ತಾಯಿಯ ಕೆನ್ನೆಯ ಪಕ್ಕದಲ್ಲಿ ಹಿಡಿದಳು. ಎರಡೂ ಒಂದೇ ಬಣ್ಣವಿದ್ದವು. ಮಾವ ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಎರಡೂ ಕಣ್ಣು ಒರೆಸಿಕೊಂಡರು.

ಆಕೆ ಕೌಂಟರಿನ ಮೇಲಿದ್ದ ತನ್ನ ಆಲ್ಬಮ್ಮನ್ನು ಮಾವನ ಕಡೆಗೆ ತಳ್ಳಿದಳು.

"ಅಣ್ಣ, ಇದ್ರಲ್ಲಿ ನನ್ನೂ ಹಂಗೇ ಮಾಡ್ಕೊಡಿ. ಅವ್ವನ ಪಕ್ಕ ನಿಂತಿರೋಳು ಯಾರೋ ಬೇರೆಯೋಳಂಗೆ ಕಾಣ್ತಾಳೆ."

ಆಲ್ಬಮ್ ಈ ತಿಂಗಳ ಮೊದಲ ವಾರ ಸಿದ್ಧವಾಯಿತು, ಆಕೆ ತೆಗೆದುಕೊಂಡು ಹೋಗಿದ್ದಾಳೆ. ಮೊನ್ನೆ ಗುರುವಾರ ಆಕೆಯ ಅಕ್ಕ, ಮಾವನೇ ಮಾಡಿಕೊಟ್ಟಿದ್ದ ತನ್ನ ಮದುವೆಯ ಆಲ್ಬಮ್ ಹಿಡಿದುಕೊಂಡು ಬುಕ್ಕಾಂಬುಧಿಯಿಂದ ಬಂದಿದ್ದಳು.