ಮಲ್ಲಿಗೆಯನ್ನು ತಬ್ಬಿದ ಮುಳ್ಳುಬಳ್ಳಿ

‘ಗೊತ್ತಿಲ್ಲ’ ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಅದರಲ್ಲೂ ಬಣಕಲ್ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ, ನರ್ಸರಿಯ ಸಸಿಗಳಿಗೆಲ್ಲ ಹೆಸರಿನ ಹಲಗೆ ಬರೆದು ನೆಟ್ಟವನು ಗಿಡದ ವಿಷಯದಲ್ಲಿ ಹಾಗೆನ್ನುವುದುಂಟೇ? ತೊಂಬತ್ತರ ದಶಕದ ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬಚ್ಚಲುಮನೆಯ ಹಿಂದಿನಿಂದ ಒಂದು ಬಳ್ಳಿ ಹೊರಟು, ನನ್ನ ಹೆಂಡತಿ ಶಾರದೆ ತವರಿನಿಂದ ತಂದು ನೆಟ್ಟ ಮಲ್ಲಿಗೆಯನ್ನು ತಬ್ಬಿಕೊಂಡಿತು. ಹುಣಸೆಯಂಥ ಪುಟ್ಟ ಎಲೆ, ಬೆಕ್ಕಿನ ಉಗುರಿನಂಥ ಮುಳ್ಳು. ಹತ್ತಿರ ಹೋದರೆ ಪಂಚೆ ಹಿಡಿದು ಕೂರಿಸಿಕೊಳ್ಳುತ್ತಿತ್ತು.

“ಕಡ್ದು ಬಿಸಾಕ್ರಿ, ನನ್ನ ಮಲ್ಲಿಗೆ ಸಾಯ್ತಿದೆ.”

“ಹೆಸರು ತಿಳೀದೆ ಕತ್ತಿ ಹಾಕಬಾರ್ದು ಕಣೇ. ಅಪರೂಪದ ಔಷಧಿ ಗಿಡ ಇದ್ರೆ?”

“ಭಾನುವಾರದವರೆಗೆ ನೋಡ್ತೀನಿ. ಆಮೇಲೆ ಕತ್ತಿ ನಂದು.”

ಕಂಡುಹಿಡಿದೇ ತೀರುವೆನೆಂದು ಹಠ ಹಿಡಿದೆ. ಎಸ್ಟೇಟಿನ ಆಳುಗಳ ಮೇಸ್ತ್ರಿಯನ್ನು ಕೇಳಿದ್ದರೆ ಅರೆಗಳಿಗೆಯ ಕೆಲಸ. ಆದರೆ ರೈಟರಿಗೆ ಗಿಡ ಗೊತ್ತಿಲ್ಲ ಎಂಬ ಸುದ್ದಿ ಮಧ್ಯಾಹ್ನದೊಳಗೆ ಆಳುಗಳ ಮನೆಸಾಲಾದ ಕೂಲಿಲೈನು ಮುಟ್ಟುತ್ತಿತ್ತು. ಹಾಗಾಗಿ ಕಳಸದಲ್ಲಿ ನಾಟಿ ಔಷಧಿ ಕೊಡುವ ನನ್ನ ದೊಡ್ಡಪ್ಪನಿಗೇ ತೋರಿಸಲೆಂದು ಒಂದು ಟೊಂಗೆಯನ್ನು ಬಾಳೆಲೆಯಲ್ಲಿ ಸುತ್ತಿ, ಕಳಸದ ಬಸ್ಸಿನ ಕಂಡಕ್ಟರ್ ಸದಾಶಿವನ ಕೈಗೆ ಕೊಟ್ಟೆ. “ಹೆಸರು ಚೀಟೀಲಿ ಬರೆಸ್ಕೊಂಡು ಬಾ. ಯಾರಿಗೂ ಹೇಳ್ಬೇಡ ಮಾರಾಯ.” ಉತ್ತರ ಬರುವವರೆಗೆ ಮಲ್ಲಿಗೆಯನ್ನು ಉಳಿಸಲು ಬಳ್ಳಿಯನ್ನು ಬಿಡಿಸಿ ಗೂಟಕ್ಕೆ ಕಟ್ಟಿದೆ. ಮರುದಿನ ಅದು ಮತ್ತೆ ಮಲ್ಲಿಗೆಯಲ್ಲಿತ್ತು, ಅದರ ಮುಳ್ಳು ನನ್ನ ಅಂಗೈಯಲ್ಲಿತ್ತು.

ಭಾನುವಾರ ಎಣ್ಣೆಸ್ನಾನ. ತಲೆ ತುಂಬ ಸೀಗೆಪುಡಿ ತಿಕ್ಕಿಕೊಂಡು ಕೂತಿದ್ದೆ. ಹಿತ್ತಿಲಲ್ಲಿ ಶಾರದೆ ಕತ್ತಿ ಮಸೆಯುತ್ತಿದ್ದಳು. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದ್ದೇ ತಡ, ಟವೆಲ್ ಸುತ್ತಿಕೊಂಡು ಗೇಟಿಗೆ ಓಡಿದೆ.

ಫುಟ್‌ಬೋರ್ಡಿನ ಮೇಲೆ ನಿಂತ ಸದಾಶಿವ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ: “ರೈಟರ್ರೇ, ದೊಡ್ಡಪ್ಪೋರಿಗೆ ಕನ್ನಡಕ ಸಿಗ್ಲಿಲ್ವಂತೆ, ಬಾಯಲ್ಲೇ ಹೇಳಿದಾರೆ! ಅದು ಸೀಗೆಯಂತೆ! ವಾರವಾರ ತಲೆಗೆ ತಿಕ್ಕೋತಾನೆ, ಗೊತ್ತಾಗ್ಲಿಲ್ವಾ ಅಂದ್ರು!”

ಕಿಟಕಿಯಿಂದ ನಮ್ಮ ಮೇಸ್ತ್ರಿಯ ತಲೆಯೂ ಹೊರಬಂತು. “ನನ್ನ ಒಂದ್ಮಾತು ಕೇಳೋದಲ್ವಾ ಸಾ? ಈಗ್ಲೂ ತಲೆಯಿಂದ ಅದೇ ಇಳೀತಿದೆ!”

ಬಸ್ಸು ನಗುತ್ತಾ ಹೊರಟಿತು. ಕಣ್ಣಿಗಿಳಿದ ಸೀಗೆಯ ಉರಿಯಲ್ಲಿ ತಡವರಿಸಿಕೊಂಡು ಹಿತ್ತಿಲಿಗೆ ಬರುವಷ್ಟರಲ್ಲಿ ಶಾರದೆಯ ಎರಡೇ ಏಟಿಗೆ ಬಳ್ಳಿ ನೆಲ ಕಂಡಿತ್ತು, ಮಲ್ಲಿಗೆ ಉಸಿರಾಡುತ್ತಿತ್ತು.

“ಇದನ್ನ ಇಲ್ಲಿ ನೆಟ್ಟವರು ಯಾರು ಅಂತ ಈಗಾದ್ರೂ ಹೊಳೀತಾ?” ಎಂದಳು ಶಾರದೆ.

ಹೊಳೆಯಿತು. ಸೀಗೆಕಾಯಿ ಕುಟ್ಟುವ ಮೊದಲು ಬೀಜ ಬಿಡಿಸುವುದು ಮನೆಯಲ್ಲಿ ನನಗೆ ವಹಿಸಿದ ಒಂದೇ ಕೆಲಸ. ಬಿಡಿಸಿದ್ದನ್ನು ಬಚ್ಚಲಿನ ಕಿಟಕಿಯಿಂದಾಚೆ ಎಸೆಯುವವನೂ ನಾನೇ. ಸಾವಿರಾರು ಸಸಿಗಳಿಗೆ ಹಲಗೆ ಬರೆದವನು ನಾನು. ನನ್ನ ಕೈಯಿಂದ ಬಿದ್ದು ಹುಟ್ಟಿದ ಗಿಡ ಅದೊಂದೇ, ಅದರ ಹೆಸರನ್ನು ಮಾತ್ರ ಬಸ್ಸಿನಿಂದ ಕೂಗಿ ಹೇಳಬೇಕಾಯಿತು.