ತೊಗರಿ ಗೋದಾಮಿನ ಸ್ಕ್ವಾಷ್ ಕ್ಲಬ್ಬು

ಯಾವುದೇ ಸಂಘದ ಚರಿತ್ರೆ ಬರೆಯುವವನು ಆ ಸಂಘದಲ್ಲೇ ಇರಬಾರದು. ಇದ್ದರೆ ತಾನು ಗೆದ್ದದ್ದನ್ನು ಎರಡು ಪುಟ ಬರೆದು, ಸೋತದ್ದನ್ನು ಅರ್ಧ ಸಾಲಿನಲ್ಲಿ ಮುಗಿಸುತ್ತಾನೆ. ನಮ್ಮೂರ ಸ್ಕ್ವಾಷ್ ಕ್ಲಬ್ಬಿನ ಚರಿತ್ರೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಊರಿನ ಶಾಲೆಯ ಮಾಸ್ತರ ನಾನು, ಕ್ಲಬ್ಬಿನ ಅಧ್ಯಕ್ಷನೂ ನಾನೇ. ಆದ್ದರಿಂದ ಓದುವವರು ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು.

ನಾರಾಯಣಖೇಡದ ಹತ್ತಿರದ ನಮ್ಮ ಹಳ್ಳಿಗೆ ಈ ಆಟ ತಂದವರು ಒಬ್ಬ ಕೃಷಿ ಅಧಿಕಾರಿ. ಹೈದರಾಬಾದಿನಿಂದ ವರ್ಗವಾಗಿ ಬಂದಿದ್ದ ಅವರು, ಮತ್ತೆ ವರ್ಗವಾಗಿ ಹೋಗುವಾಗ ಎರಡು ರ‍್ಯಾಕೆಟ್ಟು, ಒಂದು ಕರಿ ರಬ್ಬರ್ ಚೆಂಡು ನನಗೆ ಕೊಟ್ಟು, ಜೊತೆಗೆ ಚಟವನ್ನೂ ಹಚ್ಚಿಹೋದರು. ಇಬ್ಬರು ನಿಂತು ಒಂದೇ ಗೋಡೆಗೆ ಚೆಂಡು ಹೊಡೆಯುವುದೇ ಆಟ. ಬಸಣ್ಣ ಸಾವುಕಾರರ ಹಳೇ ಗೋದಾಮು ಖಾಲಿ ಬಿದ್ದಿತ್ತು. ಎತ್ತರದ ಗೋಡೆ, ತಾಂಡೂರು ಕಲ್ಲಿನ ನೆಲ. ನಾಲ್ಕೈದು ಜನ ಸೇರಿದೆವು, ಕ್ಲಬ್ಬಾಯಿತು. ಹೊಡೆದು ಹೊಡೆದು ಬಿಸಿಯಾಗುವ ತನಕ ಆ ಚೆಂಡು ಪುಟಿಯುವುದಿಲ್ಲ ಎಂಬುದು ನಮಗೇನು ಗೊತ್ತು? ಗಾಳಿ ಇಳಿದಿದೆ ಎಂದು ಪಂಕ್ಚರ್ ಅಂಗಡಿಯ ಮಸ್ತಾನ್ ಸಾಬರ ಹತ್ತಿರ ಒಯ್ದೆವು. ಅವರು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಸುತ್ತ ತಿರುಗಿಸಿ ನೋಡಿ, "ಪಂಚರ್ ಇಲ್ರಿ ಸರ, ಮಾಲೇ ಖರಾಬ್ ಅದ" ಎಂದು ತೀರ್ಪು ಕೊಟ್ಟರು. ನನ್ನ ಹೆಂಡತಿ ಒಂದು ಸಂಜೆ ಗೋದಾಮಿನ ಬಾಗಿಲಲ್ಲಿ ನಿಂತು ನೋಡಿ, "ಇಬ್ಬರೂ ಗ್ವಾಡಿಗಿ ಮಾರಿ ಮಾಡಿ ನಿಂತೀರಿ, ಜಗಳ ಆಗ್ಯಾದೇನ್ರಿ?" ಎಂದು ಕೇಳಿದಳು.

ಹೋದ ವರ್ಷ ತೊಗರಿ ಭರ್ಜರಿ ಬಂತು. ಊರೆಲ್ಲ ಹಿಗ್ಗಿದರೆ ನಮ್ಮ ಕ್ಲಬ್ಬಿನವರ ಮುಖ ಮಾತ್ರ ಸಪ್ಪಗಾಯಿತು. ಅಂದುಕೊಂಡಂತೆಯೇ ಸಾವುಕಾರರು ಮನೆಗೆ ಬಂದರು.

"ಸರ, ಚೀಲ ಇಡಾಕ ಜಾಗಾ ಇಲ್ಲ. ಗೋದಾಮ ಬೇಕಾಗ್ಯಾದ" ಎಂದವರು ಚಹಾ ಕುಡಿದು ದನಿ ಇಳಿಸಿದರು. "ತಾಂಡೂರ ಅಳ್ಯಾರು ಬಂದಾರ. ನಿಮ್ಮ ಸಂಗಟ ಆಡ್ತೀನಿ ಅಂದಾರ. ಅವರು ಖುಷಿ ಆದ್ರ ನಾರಾಯಣಖೇಡದಾಗ ಬಾಡಿಗಿ ಗೋದಾಮ ಹಿಡೀತೀನಿ. ನಿಮಗ ತಿಳೀತಲ್ಲರಿ?"

ತಿಳಿಯದೆ ಏನು? ನಮ್ಮ ಕಡೆ ಅಳಿಯನನ್ನು ಸೋಲಿಸುವ ಪದ್ಧತಿ ಇಲ್ಲ. ಮಾವನ ಊರಿನಲ್ಲಿ ಇಸ್ಪೀಟಾಡಿದರೂ ಆತನೇ ಗೆಲ್ಲಬೇಕು. ಅದಕ್ಕಾಗಿ ಎಕ್ಕವನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ ಹಿರಿಯರನ್ನು ನಾನೇ ಕಂಡಿದ್ದೇನೆ. ಕ್ಲಬ್ಬು ಉಳಿಯಬೇಕಾದರೆ ನಾನು ಸೋಲಬೇಕು. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು. ಊರಿನಲ್ಲಿ ನನ್ನನ್ನು ಯಾರೂ ಸೋಲಿಸಿರಲಿಲ್ಲ. ಆದರೂ ಊರಿನ ಮರ್ಯಾದೆಗಾಗಿ ತ್ಯಾಗ ಮಾಡೋಣ ಎಂದು ಹೊರಟೆ.

ಅಳಿಯ ಮಲ್ಲಿಕಾರ್ಜುನ ಕಲ್ಲಿನ ಪಾಲಿಶ್ ಕಾರ್ಖಾನೆ ನಡೆಸುವವನು, ಹೊಟ್ಟೆ ಸ್ವಲ್ಪ ಮುಂದಿದೆ. ಸಾವುಕಾರರು ಕುರ್ಚಿ ಹಾಕಿಸಿಕೊಂಡು ಕೂತರು. ಮೊದಲ ನಾಲ್ಕಾರು ಚೆಂಡನ್ನು ಬೇಕೆಂತಲೇ ಬಿಟ್ಟೆ. ಆಮೇಲೆ, ಪೂರಾ ಬಿಟ್ಟರೆ ಜನ ಏನಂದಾರು ಎಂದು ಒಂದೆರಡಾದರೂ ಹೊಡೆಯಲು ಹೋದೆ. ಸಿಗಲಿಲ್ಲ. ಇನ್ನೊಂದಕ್ಕೆ ಓಡಿದೆ, ಅದೂ ಸಿಗಲಿಲ್ಲ. ಆತ ನಿಂತಲ್ಲಿಂದ ಅಲುಗುತ್ತಿರಲಿಲ್ಲ, ನಾನು ಮೂಲೆಯಿಂದ ಮೂಲೆಗೆ ಓಡುತ್ತಿದ್ದೆ. ಆಟಕ್ಕೆ ಎರಡೋ ಮೂರೋ ಅಂಕ ಪಡೆದು, ಮೂರು ಆಟವನ್ನೂ ಸೋತು ಗೋಡೆಗೆ ಒರಗಿ ಏದುಸಿರು ಬಿಡುತ್ತ, ತ್ಯಾಗ ಸ್ವಲ್ಪ ಜಾಸ್ತಿಯೇ ಆಯಿತು ಎಂದುಕೊಂಡೆ.

ಅಷ್ಟರಲ್ಲಿ ಅಳಿಯ ಮಾವನಿಗೆ ಮೆಲ್ಲಗೆ ಹೇಳುವುದು ಕೇಳಿಸಿತು. "ಹೈದರಾಬಾದ್ ಕಾಲೇಜಿನಾಗ ದಿನಾ ಇದೇ ಆಡ್ತಿದ್ದೆ ಮಾವಾರ. ಹೆಣ್ಣು ಕೊಟ್ಟ ಊರಿನ ಮಾಸ್ತರರು, ಹಿರ್ಯಾರು ಅಂತ ಇವತ್ತ ಹಗೂರಕ ಹೊಡದೀನ್ರಿ."

ಗೋದಾಮು ನಮಗೇ ಉಳಿಯಿತು. ಅಳಿಯನ ಖುಷಿಗೆ ಸಾವುಕಾರರು ಆತನನ್ನೇ ಕ್ಲಬ್ಬಿನ ಗುರುವನ್ನಾಗಿ ಮಾಡಿದರು. ಅಮಾವಾಸ್ಯೆಗೊಮ್ಮೆ ಬಂದು ಕಲಿಸಿ ಹೋಗುತ್ತಾನೆ. "ಸರ, ಇನ್ನ ಅಳ್ಯಾ ಅಂತ ಸಂಕೋಚ ಬ್ಯಾಡ್ರಿ, ಖರೇ ಆಡ್ರಿ" ಎಂದು ಸಾವುಕಾರರೇ ಅಪ್ಪಣೆ ಕೊಟ್ಟಿದ್ದಾರೆ. ಈಗ ನಾನು ಸಂಕೋಚ ಪೂರ್ತಿ ಬಿಟ್ಟು, ಹಲ್ಲು ಕಚ್ಚಿ ಖರೇನೇ ಆಡುತ್ತೇನೆ. ತ್ಯಾಗ ಮಾಡಿದ ದಿನ ನನಗೆ ಇದಕ್ಕಿಂತ ಹೆಚ್ಚು ಅಂಕ ಬಂದಿದ್ದವು.