ತೇಪೆಗೆ ಮಂಜೂರಾದ ವಿದ್ಯಾರ್ಥಿವೇತನ

ನಮ್ಮ ವಿಶ್ವವಿದ್ಯಾಲಯದ ವಿದೇಶ ವ್ಯಾಸಂಗ ಧನಸಹಾಯ ವಿಭಾಗವು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಒಬ್ಬನೇ ಒಬ್ಬ ಅನರ್ಹನಿಗೂ ಸಹಾಯ ನೀಡಿಲ್ಲವೆಂದು ತಿಳಿಸಲು ಹರ್ಷಿಸುತ್ತೇನೆ. ಅರ್ಹರಿಗೆ ಎಷ್ಟು ಕೊಟ್ಟಿದ್ದೀರಿ ಎಂದು ಕೆಲವರು ಕೇಳುತ್ತಾರೆ. ಅದು ಬೇರೆ ಪ್ರಶ್ನೆ. ಅದಕ್ಕೆ ಬೇರೆ ಅರ್ಜಿ ಹಾಕಬೇಕು.

ಧನಸಹಾಯದಲ್ಲಿ ಮೂರು ಬಗೆ. ಬುದ್ಧಿವಂತರಿಗೆ ಪ್ರತಿಭಾ ವೇತನ, ಒಂದನೇ ಕಿಟಕಿ. ಕೈಯಲ್ಲಿ ಕಾಸಿಲ್ಲದವರಿಗೆ ಅಗತ್ಯ ಅನುದಾನ, ಎರಡನೇ ಕಿಟಕಿ. ಸಾಲದ ಅಗತ್ಯವೇ ಇಲ್ಲದವರಿಗೆ ಶಿಕ್ಷಣ ಸಾಲ, ಮೂರನೇ ಕಿಟಕಿ. ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ. ಆದರೂ ಬಂದವರೆಲ್ಲ ಗೋಡೆಗೆ ಬೆನ್ನು ಮಾಡಿ ನಿಂತು ನನ್ನನ್ನೇ ಕೇಳುತ್ತಾರೆ. ಎರಡನೇ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷ ಕೂತು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಹೋದ ವರ್ಷ ದರ್ಜಿಯೊಬ್ಬರ ಮಗಳು ಬಂದಳು. ಸೇತುವೆ ಕಟ್ಟುವ ವಿದ್ಯೆ ಕಲಿಯಲು ಅವಳಿಗೆ ಹೊರದೇಶದಲ್ಲಿ ಸೀಟು ಸಿಕ್ಕಿತ್ತು. ಖರ್ಚು ಯಾರು ಕೊಡುತ್ತಾರೆಂದು ತಿಂಗಳ ಕೊನೆಯೊಳಗೆ ತಿಳಿಸದಿದ್ದರೆ ಸೀಟು ಇನ್ನೊಬ್ಬರ ಪಾಲು. ಒಂದನೇ ಕಿಟಕಿಯ ಮೇಡಂ ಅವಳ ಅಂಕಪಟ್ಟಿ ನೋಡಿ ಮುಖ ಅರಳಿಸಿದರಂತೆ.

"ಅಪ್ಪ ಏನು ಮಾಡ್ತಾರಮ್ಮ?"

"ಬಟ್ಟೆ ಹೊಲೀತಾರೆ ಮೇಡಂ."

"ಅಯ್ಯೋ ಪಾಪ! ಹಾಗಾದ್ರೆ ನಿನಗೆ ಅಗತ್ಯ ಇದೆ. ಎರಡನೇ ಕಿಟಕಿಗೆ ಹೋಗು."

ಮೇಡಂ ಮಾಡಿದ್ದು ಸರಿ. ಅಗತ್ಯವುಳ್ಳವರ ಪ್ರತಿಭೆಯನ್ನು ಪರಿಗಣಿಸತಕ್ಕದ್ದಲ್ಲ ಎಂದು ನಿಯಮ ನಾಲ್ಕು ಹೇಳುತ್ತದೆ. ಇಲ್ಲದಿದ್ದರೆ ಒಬ್ಬರೇ ಎರಡು ಕಿಟಕಿಯ ಸಮಯ ತಿಂದುಹಾಕುತ್ತಾರೆ.

ನನ್ನ ಕಿಟಕಿಗೆ ನಿಯಮ ಒಂಬತ್ತು ಅನ್ವಯ. ಕುಟುಂಬದ ಸರ್ವ ಸದಸ್ಯರೂ ಖುದ್ದಾಗಿ ಹಾಜರಾಗತಕ್ಕದ್ದು, ಅವರ ಬಡತನವು ಕಣ್ಣಿಗೆ ಕಾಣುವಂತಿರತಕ್ಕದ್ದು. ಮರುದಿನ ಅಪ್ಪ, ಅಮ್ಮ, ಮಗಳು ಮೂವರೂ ಬಂದು ನಿಂತರು. ನೋಡಿದೊಡನೆ ನನಗೆ ಪಿತ್ತ ನೆತ್ತಿಗೇರಿತು. ದರ್ಜಿಯ ಕಾಲರು ಒಂದು ಎಳೆಯಷ್ಟೂ ಅತ್ತಿತ್ತ ಸರಿದಿರಲಿಲ್ಲ. ತಾಯಿಯ ಬಟ್ಟೆಯ ಅಂಚು ಗೆರೆ ಎಳೆದಂತಿತ್ತು. ಹುಡುಗಿಯ ಕೈಚೀಲಕ್ಕೂ ಒಳಗೆ ಅಸ್ತರಿನ ಬಟ್ಟೆ ಇತ್ತು.

"ಏನ್ರೀ ಇದು? ಅನುದಾನ ಕೇಳೋಕೆ ಬಂದ್ರೋ, ಮದುವೆಗೆ ಬಂದ್ರೋ?"

"ಎಲ್ಲಾ ಅಂಗಡೀಲಿ ಉಳಿದ ತುಂಡು ಬಟ್ಟೆ ಸಾರ್," ಎಂದರು ದರ್ಜಿ. "ಹೊಲಿಗೆ ಮಾತ್ರ ನಂದು."

"ಹೊಲಿಗೆ ಚೆನ್ನಾಗಿದೆ. ಅದೇ ಬಂದಿರೋ ತೊಂದ್ರೆ. ಸೋಮವಾರ ಬನ್ನಿ, ತಲೆಗೊಂದಾದರೂ ತೇಪೆ ಇರಲಿ."

"ಸಾರ್, ಇನ್ನು ಹನ್ನೊಂದೇ ದಿನ ಇರೋದು," ಎಂದಳು ಹುಡುಗಿ.

"ತೇಪೆಗೆ ಹನ್ನೊಂದು ದಿನ ಧಾರಾಳವಾಯ್ತಮ್ಮ."

ಮುಂದಿನದನ್ನು ತಾಯಿಯೇ ನನಗೆ ಹೇಳಿದರು. ಒಳ್ಳೆಯ ಅಂಗಿ ಹರಿಯಲು ದರ್ಜಿಗೆ ಕೈ ಬರಲಿಲ್ಲವಂತೆ. ಕತ್ತರಿ ಹಿಡಿಯುವುದು, ಇಡುವುದು, ನೀರು ಕುಡಿಯುವುದು. ಕೊನೆಗೆ ಈಕೆಯೇ ಕಿತ್ತುಕೊಂಡು ಮೂರೂ ಬಟ್ಟೆಗಳನ್ನು ಪರಪರ ಹರಿದುಕೊಟ್ಟರಂತೆ. ಹರಿದದ್ದನ್ನು ಕಂಡ ಮೇಲೆ ದರ್ಜಿ ಸುಮ್ಮನಿರುತ್ತಾರೆಯೇ? ಎಳೆಗೆ ಎಳೆ ಕೂಡಿಸಿ ತೇಪೆ ಹಾಕಿದರು.

ಸೋಮವಾರ ವಿಭಾಗದ ಐವರೂ ಸೇರಿ ತೇಪೆ ಹುಡುಕಿದೆವು. ಸಿಗಲಿಲ್ಲ. ದರ್ಜಿಯನ್ನು ಬೆಳಕಿಗೆ ತಿರುಗಿಸಿ ನೋಡಿದೆವು, ಮೊಣಕೈ ಮಡಚಿಸಿ ನೋಡಿದೆವು. ಗದ್ದಲ ಕೇಳಿ ನಿರ್ದೇಶಕರೇ ಹೊರಗೆ ಬಂದು ಆ ತೋಳಿನ ಮೇಲೆ ಬೆರಳಾಡಿಸಿದರು.

"ಎಲ್ರೀ ತೇಪೆ?"

"ತಮ್ಮ ಬೆರಳ ಕೆಳಗೇ ಇದೆ ಸಾರ್."

ನಿರ್ದೇಶಕರು ತಮ್ಮ ಕೋಟು ಬಿಚ್ಚಿ, ಕಂಕುಳಲ್ಲಿ ಹರಿದದ್ದನ್ನು ತೋರಿಸಿ, ದರ್ಜಿಯ ಕೈಗಿತ್ತರು. ಊಟದ ಬಿಡುವು ಮುಗಿಯುವಷ್ಟರಲ್ಲಿ ಕೋಟು ಹೊಸದಾಗಿತ್ತು. ಅದನ್ನು ತೊಟ್ಟುಕೊಂಡೇ ಅವರು ಕಡತದ ಮೇಲೆ ಬರೆದರು: "ಇದು ಅಗತ್ಯವಲ್ಲ. ಇದು ಪ್ರತಿಭೆ. ಒಂದನೇ ಕಿಟಕಿಗೆ."

ಪ್ರತಿಭಾ ವೇತನವು ಪ್ರತಿಭೆ ಯಾರದೋ ಅವರಿಗೇ ಸಲ್ಲಬೇಕು. ಮೇಡಂ ನಿಯಮದಂತೆ ಕೇಳಿದರು: "ಈ ತೇಪೆ ಹಾಕಿದ್ದು ಯಾರು?"

"ನಾನೇ ಮೇಡಂ," ಎಂದ ದರ್ಜಿ, ಅವರು ತೋರಿಸಿದಲ್ಲೆಲ್ಲ ಸಹಿ ಹಾಕಿದರು.

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು.

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ವಿದೇಶದಲ್ಲಿ ಸೇತುವೆ ನಿರ್ಮಾಣ ವ್ಯಾಸಂಗಕ್ಕಾಗಿ ಸದರಿ ದರ್ಜಿಯವರಿಗೆ, ಅವರು ಹಾಕಿರುವ ತೇಪೆಯನ್ನು ಪರಿಗಣಿಸಿ, ಎರಡು ವರ್ಷಗಳ ಪೂರ್ಣ ಪ್ರತಿಭಾ ವೇತನ ಮಂಜೂರು ಮಾಡಲಾಗಿದೆ. ಸದರಿಯವರು ಸಂತೋಷಪಡತಕ್ಕದ್ದು."

ಹುಡುಗಿ ಅದನ್ನು ಎರಡು ಸಲ ಓದಿದಳು. "ಸಾರ್, ಸೀಟು ನಂದು."

"ಸೀಟು ನಿಂದೇ, ಯಾರಮ್ಮ ಇಲ್ಲ ಅಂದ್ರು? ಸಹಾಯ ನಿಮ್ಮಪ್ಪಂದು. ಒಂದೇ ಮನೇಲಿ ಎರಡೂ ಇದ್ರೆ ನಿಯಮ ಇಪ್ಪತ್ತೊಂದರ ಪ್ರಕಾರ ವಿಲೀನ ಮಾಡಬಹುದು. ಅದೃಷ್ಟವಂತರು ನೀವು."

ಹೊರದೇಶದ ವಿಶ್ವವಿದ್ಯಾಲಯ ತಕರಾರು ತೆಗೆಯಬಹುದೆಂಬ ಅಳುಕು ನಮಗೂ ಇತ್ತು. ಅವರು ಫೋಟೋ ಬದಲಿಸಿ ಕಳಿಸಿ ಎಂದಷ್ಟೇ ಬರೆದರು. ಎಲ್ಲೇ ಇರಲಿ, ಕಚೇರಿ ಅಂದರೆ ಕಚೇರಿಯೇ.

ದರ್ಜಿ ಮಾತ್ರ ಕಿಟಕಿಯ ಸರಳು ಹಿಡಿದುಕೊಂಡು ಬಿಡಲೊಲ್ಲರು. "ಸಾರ್, ನನಗೆ ಸೇತುವೆ ಮೇಲೆ ನಡೆದು ಗೊತ್ತು ಅಷ್ಟೆ. ಕೈ ಮುಗೀತೀನಿ, ಮಗಳನ್ನೇ ಕಳಿಸಿ. ಇಡೀ ಕಚೇರಿಗೆ ಬದುಕಿರೋವರೆಗೂ ಬಿಟ್ಟಿ ಹೊಲಿದುಕೊಡ್ತೀನಿ."

ಬಿಟ್ಟಿ ಎಂದಾಗ ನಿರ್ದೇಶಕರು ಒಂದು ಕ್ಷಣ ಯೋಚಿಸಿದ್ದು ನಿಜ. ಆದರೆ ಮಂಜೂರಾದ ಸಹಾಯವನ್ನು ನಿರಾಕರಿಸಿದ ಕುಟುಂಬ ಮೂರು ತಲೆಮಾರು ಅರ್ಜಿ ಹಾಕುವಂತಿಲ್ಲ. ಇದನ್ನು ನಾನು ಓದಿ ಹೇಳಿದೆ. ದರ್ಜಿಯ ಕಣ್ಣಲ್ಲಿ ನೀರು ತುಂಬಿತು. ನನಗೂ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಹುಡುಗಿ ಬಂದು ಸರಳಿನಿಂದ ಅವರ ಬೆರಳು ಬಿಡಿಸಿದಳು.

"ನೀನೇ ಹೋಗಿ ಬಾ ಅಪ್ಪ. ಸಿಕ್ಕ ಸೀಟು ಬಿಡೋದು ಬೇಡ. ಪಾಠ ನಾನು ಇಲ್ಲಿಂದಲೇ ಹೇಳಿಕೊಡ್ತೀನಿ."

ದರ್ಜಿ ವಿಮಾನ ಹತ್ತಿದರು. ಮಗಳು ಅಂಗಡಿಯಲ್ಲಿ ಕೂತಳು. ಹಗಲೆಲ್ಲ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಯಾವ ಕಂಬಕ್ಕೆ ಎಷ್ಟು ಭಾರ ಎಂದು ಅಪ್ಪನಿಗೆ ಬರೆಸುತ್ತಿದ್ದಳು. ಅಪ್ಪ ಮೊದಲ ವರ್ಷ ತರಗತಿಗೇ ಎರಡನೆಯವರಾಗಿ ಪಾಸಾದರು. ಅವರ ಫೋಟೋವನ್ನು ನಾವು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದೆವು.

ಈ ವರ್ಷ ಹುಡುಗಿಗೆ ಹೊರದೇಶದ ಅದೇ ವಿಶ್ವವಿದ್ಯಾಲಯದಲ್ಲಿ ಮತ್ತೆ ಸೀಟು ಸಿಕ್ಕಿತು. ಪತ್ರ ಹಿಡಿದು ಬಂದಳು, ಜೊತೆಯಲ್ಲಿ ತಾಯಿ. ಒಂದನೇ ಕಿಟಕಿಯಲ್ಲಿ, ಈ ಕುಟುಂಬದ ಪ್ರತಿಭೆ ಈಗಾಗಲೇ ಬಳಕೆಯಾಗಿದೆ ಎಂದರು. ಮೂರನೇ ಕಿಟಕಿಯಲ್ಲಿ, ಸಾಲಕ್ಕೆ ತಂದೆ ಖುದ್ದಾಗಿ ಬಂದು ಸಹಿ ಹಾಕಬೇಕು ಎಂದರು. ನಾನು ನಿಯಮ ನೋಡಿಯೇ ಹೇಳಿದೆ: "ತಂದೆ ಫಾರಿನ್ನಲ್ಲಿ ಓದ್ತಿದ್ದಾರೆ. ಅಂಥ ಮನೆಗೆ ಅಗತ್ಯ ಎಲ್ಲಿಂದ ಬರುತ್ತಮ್ಮ?"

ಹುಡುಗಿ ಜಗಳ ಮಾಡಲಿಲ್ಲ. ಒಂದು ವರ್ಷದಲ್ಲಿ ಧನಸಹಾಯದ ಬಗೆಗಳನ್ನು ಅವಳಷ್ಟು ಚೆನ್ನಾಗಿ ತಿಳಿದುಕೊಂಡವರು ಇನ್ನೊಬ್ಬರಿಲ್ಲ.

"ಹಾಗಾದ್ರೆ ನಮ್ಮನೇಲಿ ಯಾರಿಗೆ ಸಿಗುತ್ತೆ ಸಾರ್?"

ನಿಯಮ ಪುಸ್ತಕ ತಿರುವಿದೆ. ಸಿಕ್ಕಿತು. "ನಿಮ್ಮಮ್ಮನಿಗೆ. ಗಂಡ ಅಷ್ಟು ದೂರದಲ್ಲಿದ್ದಾರೆ, ಇವರೊಬ್ಬರೇ ಇಲ್ಲಿ. ಇದು ನೋಡು, ಕಣ್ಣಿಗೆ ಕಾಣೋ ಅಗತ್ಯ."

ನಾನು ಅರ್ಜಿ ನಮೂನೆ ಹೊರಗೆ ಚಾಚಿದೆ. ತಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಗಳ ಕಡೆ ಬಾಗಿ ಕೇಳಿದರು: "ಏನು ಓದ್ತೀನಿ ಅಂತ ಬರೀಬೇಕಂತೆ ಕಣೇ. ಏನಂತ ಬರೀಲಿ?"

ಹುಡುಗಿ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು.

"ಸೇತುವೇನೇ ತಗೋ ಅಮ್ಮ. ನೋಟ್ಸು ಹೇಗೂ ಬರೆದಿಟ್ಟಿದ್ದೀನಿ."